ಗಾಜಿಗೆ ವಿನೈಲ್: ನೀರು ಚಿಮುಕಿಸಿಯೋ, ಒಣದಾಗಿಯೋ?

ಕಿಟಕಿಯ ಗಾಜಿಗೆ ವಿನೈಲ್, ಅಂದರೆ ಅಕ್ಷರ, ಚಿತ್ರಗಳಾಗಿ ಕತ್ತರಿಸುವ, ಹಿಂದೆ ಅಂಟಿರುವ ತೆಳು ಪ್ಲಾಸ್ಟಿಕ್ ಹಾಳೆ, ಅಂಟಿಸುವವರಲ್ಲಿ ಎರಡು ಪಕ್ಷಗಳಿವೆ. ಸೋಪಿನ ನೀರು ಚಿಮುಕಿಸದೆ ಕೆಲಸ ಶುರು ಮಾಡುವುದೇ ಇಲ್ಲ ಎನ್ನುವವರದು ಒಂದು. ನೀರು ಸೋಕಿದರೆ ಅಂಟು ಕೆಟ್ಟಿತೆಂದೇ ಲೆಕ್ಕ ಎನ್ನುವವರದು ಇನ್ನೊಂದು. ಇಬ್ಬರ ಮಾತಿನಲ್ಲೂ ಹುರುಳಿದೆ. ಯಾರ ಮಾತು ಎಲ್ಲಿಯವರೆಗೆ ಸರಿ ಎಂದು ತಿಳಿಯಲು ಒಂದೇ ಕಿಟಕಿಯ ಅಕ್ಕಪಕ್ಕದ ಗಾಜುಗಳ ಮೇಲೆ ಒಂದೇ ವಿನ್ಯಾಸವನ್ನು ಎರಡೂ ವಿಧಾನದಲ್ಲಿ ಅಂಟಿಸಿ, ಬಿಸಿಲು, ಮಳೆ, ಚಳಿ ಮೂರೂ ಕಳೆದ ಮೇಲೆ ಹೋಲಿಸಿ ನೋಡಿದ್ದೇನೆ. ಹಾಳೆಗಳನ್ನೂ ಬದಲಿಸಿದ್ದೇನೆ, ಗಾಜು ಒರೆಸುವ ದ್ರವಗಳನ್ನೂ ಬದಲಿಸಿದ್ದೇನೆ.

ಗಾಜು ಅಂಟಿಗೆ ಒಗ್ಗದ ವಸ್ತುವಲ್ಲ. ಪಾಲಿಥೀನ್‌ನಂಥ ಪ್ಲಾಸ್ಟಿಕ್‌ಗಳ ಪಕ್ಕದಲ್ಲಿಟ್ಟು ನೋಡಿದರೆ ಗಾಜಿನ ಮೇಲ್ಮೈ ಶಕ್ತಿ ಬಹಳ ಹೆಚ್ಚು. ಅಂಟು ಅದರ ಮೇಲೆ ಸಲೀಸಾಗಿ ಹರಡಿಕೊಳ್ಳುತ್ತದೆ. ಹಾಗಾಗಿ ಗಾಜಿನಿಂದ ವಿನೈಲ್ ಎದ್ದು ಬಂದ ಕಡೆ ನಾನು ಮೊದಲು ಹುಡುಕುವುದು ಅವೆರಡರ ನಡುವೆ ಏನು ಉಳಿದಿತ್ತು ಎಂಬುದನ್ನು. ಕಣ್ಣಿಗೆ ಕಾಣದ ಜಿಡ್ಡು, ಸೋಪಿನ ಪದರ, ನೀರು, ಗಾಳಿ: ಬಹುಪಾಲು ಪ್ರಕರಣಗಳಲ್ಲಿ ಇವುಗಳಲ್ಲೇ ಒಂದು ಸಿಕ್ಕಿಬೀಳುತ್ತದೆ. ಯಾವ ವಿಧಾನ ಮೇಲು ಎಂಬ ಜಗಳವೂ ಈ ನಾಲ್ಕನ್ನು ಯಾವುದು ಚೆನ್ನಾಗಿ ಹೊರಹಾಕುತ್ತದೆ ಎಂಬುದಕ್ಕೇ ಬಂದು ನಿಲ್ಲುತ್ತದೆ.

ಆದ್ದರಿಂದ ಮೊದಲ ಹೋಲಿಕೆ ಒರೆಸುವುದರದ್ದು. ಒಂದು ಗಾಜನ್ನು ಎಲ್ಲರೂ ಬಳಸುವ ಗಾಜಿನ ಕ್ಲೀನರ್‌ನಿಂದ, ಇನ್ನೊಂದನ್ನು ಬರೀ ಸೋಪಿನ ನೀರಿನಿಂದ, ಮೂರನೆಯದನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದೆ. ಕಣ್ಣಿಗೆ ಮೂರೂ ಒಂದೇ ರೀತಿ ಹೊಳೆಯುತ್ತಿದ್ದವು. ಆದರೆ ಬಾಯಿಯಿಂದ ಬಿಸಿ ಉಸಿರು ಬಿಟ್ಟಾಗ ಬಣ್ಣ ಬಯಲಾಯಿತು. ಆಲ್ಕೊಹಾಲ್ ಒರೆಸಿದ ಗಾಜಿನ ಮೇಲೆ ಮಂಜು ಸಮವಾಗಿ ಕೂತು ಸಮವಾಗಿ ಆರಿತು; ಉಳಿದೆರಡರ ಮೇಲೆ ಬಟ್ಟೆ ಎಳೆದ ಗೆರೆಗಳು, ಬೆರಳಿನ ಗುರುತುಗಳು ಎದ್ದು ಕಂಡವು. ಗಾಜಿನ ಕ್ಲೀನರ್‌ಗಳಲ್ಲಿ ಹೊಳಪು ಕೊಡಲು, ಮತ್ತೆ ಕೊಳೆ ಕೂರದಿರಲು ಸೇರಿಸಿದ ಪದಾರ್ಥಗಳಿರುತ್ತವೆ. ಅಂಟು ಕೂರಬೇಕಾದ ಜಾಗದಲ್ಲಿ ಅವು ಮೊದಲೇ ಕೂತುಬಿಡುತ್ತವೆ. ಕೆಲವು ತಿಂಗಳು ಕಳೆದ ಮೇಲೆ ಅಕ್ಷರಗಳ ತುದಿ ಮೊದಲು ಎದ್ದದ್ದು ಕ್ಲೀನರ್ ಹಾಕಿದ ಗಾಜಿನಲ್ಲಿಯೇ.

ಆಲ್ಕೊಹಾಲ್ ಬಳಸುವುದಕ್ಕೂ ಒಂದು ಕ್ರಮವಿದೆ. ಸುಮಾರು 70 ಪಾಲು ಆಲ್ಕೊಹಾಲ್, 30 ಪಾಲು ನೀರು ಇರುವ ಮಿಶ್ರಣ ಸಾಕು. ನೂಲು ಉದುರದ ಒಂದು ಬಟ್ಟೆಗೆ ಹಾಕಿಕೊಂಡು ಒರೆಸಬೇಕು. ಅದು ತಾನಾಗಿ ಆರುವ ಮೊದಲೇ ಇನ್ನೊಂದು ಒಣಬಟ್ಟೆಯಿಂದ ತೆಗೆದುಬಿಡಬೇಕು. ಆರಲು ಬಿಟ್ಟರೆ ಕರಗಿದ ಜಿಡ್ಡು ಅಲ್ಲಿಯೇ ಮತ್ತೆ ತೆಳುವಾಗಿ ಕೂರುತ್ತದೆ. ಇದು ಬೇಗ ಬೆಂಕಿ ಹಿಡಿಯುವ ದ್ರವ. ಕಿಟಕಿ ತೆರೆದಿರಲಿ, ಹತ್ತಿರ ಉರಿ ಇರದಿರಲಿ. ಹಳೆಯ ಅಂಟು, ಬಣ್ಣದ ಹನಿ ಇದ್ದರೆ ಮೊದಲು ಗಾಜನ್ನು ಒದ್ದೆ ಮಾಡಿ ಹೊಸ ಬ್ಲೇಡಿನಿಂದ ಒಂದೇ ದಿಕ್ಕಿಗೆ ಕೆರೆಯಬೇಕು. ಟಫನ್ಡ್ (ಕಾಯಿಸಿ ಗಟ್ಟಿಗೊಳಿಸಿದ) ಗಾಜಿನಲ್ಲಿ ಮಾತ್ರ ಬ್ಲೇಡಿನ ವಿಷಯದಲ್ಲಿ ಎಚ್ಚರ ಬೇಕು: ತಯಾರಿಕೆಯಲ್ಲಿ ಮೇಲ್ಮೈಗೆ ಅಂಟಿದ ಸಣ್ಣ ಕಣಗಳು ಬ್ಲೇಡಿಗೆ ಸಿಕ್ಕಿದರೆ ಗೀರು ಬೀಳುತ್ತದೆ.

ಇನ್ನು ಒದ್ದೆ, ಒಣ ವಿಧಾನಗಳು. ಒದ್ದೆ ವಿಧಾನದಲ್ಲಿ ಒಂದು ಲೀಟರ್ ನೀರಿಗೆ ಎರಡು ಮೂರು ಹನಿ ಶಾಂಪೂ ಅಥವಾ ಪಾತ್ರೆ ತೊಳೆಯುವ ಸೋಪು ಬೆರೆಸಿ ಗಾಜಿನ ಮೇಲೂ ಅಂಟಿನ ಮೇಲೂ ಚಿಮುಕಿಸುತ್ತೇವೆ. ಸೋಪು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುವುದರಿಂದ ನೀರು ಹನಿಹನಿಯಾಗಿ ನಿಲ್ಲದೆ ತೆಳುವಾಗಿ ಹರಡುತ್ತದೆ, ಹಾಳೆ ಜಾರುತ್ತದೆ, ಜಾಗ ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ. ಬಾಗಿಲಿನ ಅಗಲಕ್ಕೂ ಹಾಯುವ ಫ್ರಾಸ್ಟೆಡ್ (ಮಂಜು ಕವಿದಂತೆ ಕಾಣುವ) ಪಟ್ಟಿಯನ್ನು ಎರಡೂ ವಿಧಾನದಲ್ಲಿ ಅಂಟಿಸಿದಾಗ ಒದ್ದೆಯದ್ದರ ಗೆಲುವು ದೂರದಿಂದಲೇ ಕಾಣುತ್ತಿತ್ತು. ಒಣದಾಗಿ ಅಂಟಿಸಿದ ಪಟ್ಟಿಯಲ್ಲಿ ಗಾಳಿಯ ಗುಳ್ಳೆಗಳು ಅಲ್ಲಲ್ಲಿ ಸಿಕ್ಕಿಕೊಂಡಿದ್ದವು. ಹಿಂದಿನಿಂದ ಬೆಳಕು ಬೀಳುವ ಗಾಜಿನಲ್ಲಿ ಒಂದು ಗುಳ್ಳೆಯನ್ನೂ ಬಚ್ಚಿಡಲಾಗುವುದಿಲ್ಲ. ಒದ್ದೆಯದ್ದು ಮೊದಲ ಕೆಲವು ದಿನ ಮಸುಕು ಮಸುಕಾಗಿದ್ದು, ನಂತರ ತಿಳಿಯಾಯಿತು. ಗಾಜು ನೀರನ್ನು ಹೀರುವುದಿಲ್ಲ, ವಿನೈಲ್ ಕೂಡ ಬಹಳ ನಿಧಾನವಾಗಿ ಮಾತ್ರ ಬಿಡುತ್ತದೆ. ಆದ್ದರಿಂದ ಸ್ಕ್ವೀಜಿ (ಹಾಳೆಯನ್ನು ಒತ್ತಿ ಸವರುವ ಚಪ್ಪಟೆ ಸಾಧನ) ಒತ್ತಿ ಹೊರತಳ್ಳಿದಷ್ಟೇ ನಮ್ಮ ಕೈಯಲ್ಲಿರುವುದು. ಉಳಿದದ್ದು ಅಂಚಿನಿಂದ ತಾನೇ ಹೊರಡಬೇಕು. ಸೋಪು ಹೆಚ್ಚಾದರೆ ನೀರು ಹೋದ ಮೇಲೂ ಸೋಪು ಉಳಿಯುತ್ತದೆ. ನೊರೆ ಬರುವಷ್ಟು ಹಾಕುವವರನ್ನು ಕಂಡಾಗ ತಡೆಯಬೇಕೆನ್ನಿಸುತ್ತದೆ.

ಸಣ್ಣ ಅಕ್ಷರಗಳಿಗೆ ಬಂದಾಗ ಲೆಕ್ಕ ತಲೆಕೆಳಗಾಯಿತು. ಬೆರಳಿನ ಉಗುರಿಗಿಂತ ಚಿಕ್ಕ ಅಕ್ಷರಗಳು, ತೆಳು ಗೆರೆಗಳು, ಒತ್ತು, ದೀರ್ಘಗಳ ಬಿಡಿ ಬಾಲಗಳು ನೀರಿನ ಮೇಲೆ ತೇಲುತ್ತವೆ. ಟ್ರಾನ್ಸ್‌ಫರ್ ಟೇಪ್ (ಕತ್ತರಿಸಿದ ಅಕ್ಷರಗಳನ್ನು ಒಟ್ಟಾಗಿ ಗಾಜಿಗೆ ಸಾಗಿಸಲು ಅವುಗಳ ಮೇಲೆ ಅಂಟಿಸುವ ಟೇಪ್) ಎಳೆದಾಗ ಗಾಜಿನಲ್ಲಿ ಉಳಿಯದೆ ಟೇಪಿನ ಜೊತೆಗೇ ಬರುತ್ತವೆ. ಅಂಟು ಗಾಜನ್ನು ಹಿಡಿಯುವ ಮೊದಲೇ ನಾವು ಎಳೆಯುತ್ತಿದ್ದೇವೆ ಎಂದರ್ಥ. ಕಾದರೆ ಸರಿಹೋಗುತ್ತದೆ, ಆದರೆ ಅರ್ಧ ಗಂಟೆ ಕಾದ ಮೇಲೂ ಒಂದೊಂದನ್ನೇ ಬ್ಲೇಡಿನ ತುದಿಯಿಂದ ಒತ್ತಿ ಹಿಡಿಯಬೇಕಾಗುತ್ತದೆ. ಅದೇ ಅಕ್ಷರಗಳು ಒಣ ವಿಧಾನದಲ್ಲಿ ಅಂಚು ಮಾಸದೆ ಕೂತವು.

ಒಣ ವಿಧಾನಕ್ಕೆ ನಾನು ನೆಚ್ಚಿಕೊಂಡಿರುವುದು ನಡು ಟೇಪಿನ ಪಟ್ಟು. ವಿನ್ಯಾಸವನ್ನು ಹಿಂಬದಿಯ ಕಾಗದ ಸಮೇತ ಗಾಜಿನ ಮೇಲೆ ಅಳೆದು ಇಟ್ಟು, ಸರಿಯಾಗಿ ನಡುವಿನಲ್ಲಿ ಮಾಸ್ಕಿಂಗ್ ಟೇಪಿನ ಒಂದು ಪಟ್ಟಿ ಮೇಲಿನಿಂದ ಕೆಳಗೆ ಅಂಟಿಸುವುದು. ಒಂದು ಅರ್ಧವನ್ನು ಪುಸ್ತಕದ ಹಾಳೆಯಂತೆ ಮಗುಚಿ, ಹಿಂಬದಿಯ ಕಾಗದ ಬಿಡಿಸಿ ಕತ್ತರಿಸಿ, ನಡುವಿನಿಂದ ಅಂಚಿನ ಕಡೆಗೆ ಸ್ಕ್ವೀಜಿ ಎಳೆಯುತ್ತಾ ಹಾಳೆಯನ್ನು ಇಳಿಸುವುದು. ಆಮೇಲೆ ಮಾಸ್ಕಿಂಗ್ ಟೇಪ್ ತೆಗೆದು ಇನ್ನೊಂದು ಅರ್ಧ. ಗಾಜಿಗೆ ಹಾಳೆ ಮುಟ್ಟುವುದು ಸ್ಕ್ವೀಜಿಯ ಅಂಚಿನ ಕೆಳಗಿನ ಒಂದೇ ಗೆರೆಯಲ್ಲಿ, ಹಾಗಾಗಿ ಗಾಳಿಗೆ ಸಿಕ್ಕಿಕೊಳ್ಳಲು ಜಾಗವಿರುವುದಿಲ್ಲ. ಪ್ರತಿ ಎಳೆತವೂ ಹಿಂದಿನದರ ಅರ್ಧದಷ್ಟನ್ನು ಮತ್ತೆ ಮುಚ್ಚಬೇಕು. ಕಾಗದ ಬಿಡಿಸುವಾಗಲೂ ಒಂದು ಮಾತು: ವಿನ್ಯಾಸವನ್ನು ಕಾಗದದಿಂದ ಎತ್ತುವುದಲ್ಲ, ವಿನ್ಯಾಸ ಕೆಳಮುಖವಾಗಿದ್ದಾಗ ಕಾಗದವನ್ನು ಅದರ ಮೇಲೆಯೇ ಮಡಚಿಕೊಂಡು ಹಿಂದಕ್ಕೆ ಎಳೆಯುವುದು. ಕೊನೆಗೆ ಟ್ರಾನ್ಸ್‌ಫರ್ ಟೇಪನ್ನೂ ಹಾಗೆಯೇ ತೆಗೆಯಬೇಕು. ನೇರ ಹೊರಕ್ಕೆ ಎಳೆದರೆ ಅಕ್ಷರಗಳೂ ಎದ್ದು ಬರುತ್ತವೆ.

ಟ್ರಾನ್ಸ್‌ಫರ್ ಟೇಪಿನಲ್ಲಿ ಕಾಗದದ್ದು, ಪಾರದರ್ಶಕ ಪ್ಲಾಸ್ಟಿಕ್‌ನದ್ದು ಎಂದು ಎರಡಿವೆ. ಒದ್ದೆ ಕೆಲಸಕ್ಕೆ ಕಾಗದದ್ದೇ ಬೇಕು: ಅದು ನೀರನ್ನು ಹೀರಿ ಮೆತ್ತಗಾಗಿ ಬೇಗ ಬಿಡುತ್ತದೆ. ಒಣ ಕೆಲಸಕ್ಕೆ ಪಾರದರ್ಶಕವಾದದ್ದು ಅನುಕೂಲ, ಕೆಳಗೆ ಏನಾಗುತ್ತಿದೆ ಎಂದು ಕಾಣುತ್ತದೆ.

ಇಷ್ಟಾದರೂ, ಯಾವ ವಿಧಾನ ಎಂಬುದನ್ನು ಅಂತಿಮವಾಗಿ ತೀರ್ಮಾನಿಸುವುದು ಹಾಳೆಯ ಹಿಂದಿನ ಅಂಟು. ನೀರು ಸೋಕಿದರೆ ಅಂಟು ಕೆಟ್ಟಿತೆನ್ನುವವರ ಮಾತು ನಿಜವಾಗುವುದು ಇಲ್ಲಿಯೇ. ವಿನೈಲ್ ಅಂಟುಗಳಲ್ಲಿ ದ್ರಾವಕ ಆಧಾರಿತ ಅಕ್ರಿಲಿಕ್ ಒಂದು ಬಗೆ, ನೀರಿನಲ್ಲಿ ಕದಡಿ ತಯಾರಿಸಿದ ಅಕ್ರಿಲಿಕ್ ಇನ್ನೊಂದು ಬಗೆ. ಮೊದಲನೆಯದು ನೀರಿನ ಸಹವಾಸವನ್ನು ತಡೆದುಕೊಳ್ಳುತ್ತದೆ. ಎರಡನೆಯದು ನೀರು ಕುಡಿದು ಹಾಲಿನಂತೆ ಬಿಳಿಚಿಕೊಳ್ಳಬಹುದು, ಹಿಡಿತವೂ ಸಡಿಲವಾಗಬಹುದು. ಉದಾಹರಣೆಗೆ ಒರಾಕಲ್ ಎಂಬ ಬ್ರ್ಯಾಂಡಿನ ವಿನೈಲ್‌ಗಳಲ್ಲಿ 651 ದ್ರಾವಕ ಆಧಾರಿತ, ಶಾಶ್ವತ ಅಂಟಿನ ಹಾಳೆ; ಅದೇ ಕಂಪನಿಯ 631 ಒಳಾಂಗಣದ ಗೋಡೆಗಳಿಗೂ ಪ್ರದರ್ಶನಗಳಿಗೂ ಮಾಡಿದ, ಕಿತ್ತು ತೆಗೆಯಬಹುದಾದ ಹಾಳೆ, ಅದರ ಅಂಟು ಎರಡನೆಯ ಬಗೆಯದು. 651ನ್ನು ನಾನು ಎರಡೂ ವಿಧಾನದಲ್ಲಿ ಅಂಟಿಸುತ್ತೇನೆ. 631ನ್ನು ಗಾಜಿನ ಒಳಬದಿಗೆ, ಒಣದಾಗಿ ಮಾತ್ರ. ಹಾಳೆ ಕೊಳ್ಳುವಾಗ ಬಣ್ಣ ನೋಡುವ ಮೊದಲು ಅದರ ತಾಂತ್ರಿಕ ವಿವರದಲ್ಲಿ ಅಂಟಿನ ಸಾಲನ್ನು ಓದಿ ಎಂದು ಕೇಳಿದವರಿಗೆಲ್ಲ ಒತ್ತಿ ಹೇಳುತ್ತೇನೆ.

ನೀರು ಎಂದೂ ಸಲ್ಲದ ಇನ್ನೆರಡು ಹಾಳೆಗಳಿವೆ. ಗಾಳಿ ಹೊರಹೋಗಲೆಂದು ಅಂಟಿನಲ್ಲೇ ಸೂಕ್ಷ್ಮ ಕಾಲುವೆಗಳಿರುವ ವಿನೈಲ್ ಒಂದು. ಆ ಕಾಲುವೆಗಳಲ್ಲಿ ನೀರು ನಿಂತರೆ ಅವು ಇದ್ದೂ ಪ್ರಯೋಜನವಿಲ್ಲ. ಗೋಡೆಗೂ ವಾಹನಕ್ಕೂ ಅದು ಸೊಗಸಾದ ಹಾಳೆ. ಗಾಜಿನಲ್ಲಿ ಮಾತ್ರ ಹಿಂಬದಿಯಿಂದ ನೋಡಿದರೆ ಕಾಲುವೆಗಳ ಜಾಲರಿ ಕಾಣುತ್ತದೆ, ಆದ್ದರಿಂದ ಎರಡೂ ಕಡೆಯಿಂದ ಕಾಣುವ ಕಿಟಕಿಗೆ ನಾನು ಅದನ್ನು ಆರಿಸುವುದಿಲ್ಲ. ಇನ್ನೊಂದು ಒನ್ ವೇ ವಿಷನ್, ಅಂದರೆ ಮೈತುಂಬ ತೂತುಗಳಿರುವ ಹಾಳೆ. ಹೊರಗಿನಿಂದ ಚಿತ್ರ, ಒಳಗಿನಿಂದ ನೋಟ ಕೊಡುವುದೇ ಅದರ ಕೆಲಸ. ತೂತುಗಳಲ್ಲಿ ನೀರು ತುಂಬಿದರೆ ಎರಡೂ ಹೋಗುತ್ತವೆ. ಮಳೆ ಬೀಳುವ ಕಡೆ ಅದರ ಮೇಲೆ ಪಾರದರ್ಶಕ ಲ್ಯಾಮಿನೇಷನ್ ಹಾಕಿಸಿರಬೇಕು.

ಅಂಟೇ ಇಲ್ಲದ ಸ್ಟ್ಯಾಟಿಕ್ ಕ್ಲಿಂಗ್ ಹಾಳೆಯನ್ನೂ ಪಕ್ಕದಲ್ಲಿಟ್ಟು ನೋಡಿದೆ. ಹಬ್ಬದ ಅಲಂಕಾರಕ್ಕೆ, ಕೆಲವು ವಾರಗಳ ಪ್ರಕಟಣೆಗೆ ಅದರಷ್ಟು ಸುಲಭದ್ದು ಇನ್ನೊಂದಿಲ್ಲ. ತೆಗೆದು ಮತ್ತೆ ಹಾಕಬಹುದು. ವರ್ಷಗಟ್ಟಲೆ ಇರಬೇಕಾದದ್ದಕ್ಕೆ ಅಲ್ಲ.

ಹಾಳೆ ತಯಾರಾದ ಬಗೆಯೂ ಅಂಚಿನಲ್ಲಿ ಕಾಣುತ್ತದೆ. ಕ್ಯಾಲೆಂಡರ್ಡ್ ವಿನೈಲನ್ನು ಬಿಸಿ ರೋಲರ್‌ಗಳ ನಡುವೆ ಹಿಂಡಿ ತೆಳುವಾಗಿಸಿರುತ್ತಾರೆ, ಆ ಎಳೆತ ಹಾಳೆಯೊಳಗೆ ಉಳಿದಿರುತ್ತದೆ. ಬಿಸಿಲು ಬೀಳುವ ಗಾಜಿನಲ್ಲಿ ಅದು ಕ್ರಮೇಣ ಕುಗ್ಗಿ, ಅಕ್ಷರದ ಸುತ್ತ ಅಂಟಿನ ತೆಳು ಗೆರೆ ಹೊರಗೆ ಉಳಿದು ಧೂಳು ಹಿಡಿದು ಕಪ್ಪಾಗುತ್ತದೆ. ಕಾಸ್ಟ್ ವಿನೈಲನ್ನು ದ್ರವರೂಪದಲ್ಲಿ ಸುರಿದು ಹದಗೊಳಿಸುವುದರಿಂದ ಅಂಥ ಎಳೆತ ಅಲ್ಪ. ದಪ್ಪವೂ ಸಾಮಾನ್ಯವಾಗಿ 50 ಮೈಕ್ರಾನ್ ಆಸುಪಾಸು. ಚಪ್ಪಟೆ ಗಾಜಿಗೆ ಕ್ಯಾಲೆಂಡರ್ಡ್ ಸಾಕು ಎಂಬ ಮಾತನ್ನು ಒಳಬದಿಗೂ ನೆರಳಿಗೂ ಒಪ್ಪುತ್ತೇನೆ. ಹೊರಬದಿಯಲ್ಲಿ, ಬಿಸಿಲಿಗೆ ಮುಖ ಮಾಡಿದ ಗಾಜಿಗೆ ಒಪ್ಪುವುದಿಲ್ಲ.

ಒಳಬದಿಯೋ ಹೊರಬದಿಯೋ ಎಂಬುದಕ್ಕೆ ನನ್ನ ಒಲವು ಒಳಬದಿಯ ಕಡೆಗೆ. ಮಳೆ, ಧೂಳು, ಗೀಚುವ ಕೈಗಳು ಅಲ್ಲಿಗೆ ತಲುಪುವುದಿಲ್ಲ. ಆದರೆ ಹೊರಗಿನವರು ನೋಡುವುದು ಅಂಟಿನ ಮುಖವನ್ನು: ವಿನ್ಯಾಸವನ್ನು ಕನ್ನಡಿಬಿಂಬದಂತೆ ತಿರುಗಿಸಿ ಕತ್ತರಿಸಬೇಕು, ಹಾಳೆಯ ಬಣ್ಣ ಅಂಟಿನ ಕಡೆಯಿಂದಲೂ ಅದೇ ಇದೆಯೇ ಎಂದು ನೋಡಿಕೊಳ್ಳಬೇಕು, ಸಣ್ಣ ಗುಳ್ಳೆಯೂ ಬೆಳ್ಳಿಚುಕ್ಕಿಯಂತೆ ಹೊಳೆಯುತ್ತದೆ. ಚಳಿಯ ಬೆಳಗುಗಳಲ್ಲಿ ಗಾಜಿನ ಒಳಬದಿ ಬೆವರುವ ಕೋಣೆಗಳಿದ್ದರೆ ಹೊರಬದಿಯೇ ವಾಸಿ, ಇಲ್ಲವೇ ಗಾಜು ಪೂರ್ತಿ ಒಣಗುವ ಹೊತ್ತಿಗಾಗಿ ಕಾಯಬೇಕು. ದೊಡ್ಡ ಕಪ್ಪು ಹಾಳೆಯನ್ನು ಬಿಸಿಲಿನ ಗಾಜಿಗೆ ಹಾಕುವ ಮೊದಲು, ಅದರಲ್ಲೂ ಎರಡು ಪದರದ ಗಾಜಾದರೆ, ಗಾಜಿನವರನ್ನು ಕೇಳಿ. ಕಪ್ಪು ಭಾಗ ಕಾದು ಹಾಳೆಯಿಲ್ಲದ ಭಾಗ ತಂಪಾಗಿದ್ದರೆ ಆ ವ್ಯತ್ಯಾಸಕ್ಕೇ ಗಾಜು ಸೀಳುವುದುಂಟು.

ಹವೆಯ ವಿಷಯದಲ್ಲಿ ನನ್ನ ಅನುಭವ ಸರಳ. ಗಾಜು 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಅಂಟು ಬಿರುಸಾಗಿ ಹರಡಿಕೊಳ್ಳುವುದಿಲ್ಲ. ಬಿಸಿಲಿನಲ್ಲಿ ಕಾದಿದ್ದರೆ ಮುಟ್ಟಿದೊಡನೆ ಕಚ್ಚಿಕೊಳ್ಳುತ್ತದೆ, ಚಿಮುಕಿಸಿದ ನೀರು ಸ್ಕ್ವೀಜಿ ತಲುಪುವ ಮೊದಲೇ ಆರುತ್ತದೆ. ನೆರಳು ಬಿದ್ದಿರುವ ಹೊತ್ತು, ಸುಮಾರು 20ರಿಂದ 25 ಡಿಗ್ರಿ ಇದ್ದರೆ ಎರಡೂ ವಿಧಾನ ಚೆನ್ನಾಗಿ ನಡೆಯುತ್ತವೆ.

ಒರಟು ಫ್ರಾಸ್ಟೆಡ್ ಗಾಜು, ಉಬ್ಬುತಗ್ಗಿನ ನಮೂನೆಯ ಗಾಜು, ನೀರು ಜಾರುವ ಲೇಪನವಿರುವ ಗಾಜು: ಈ ಮೂರರ ಮೇಲೆ ಯಾವ ವಿಧಾನವೂ ನೆಮ್ಮದಿ ಕೊಡಲಿಲ್ಲ. ಮೊದಲೆರಡಕ್ಕೆ ನುಣುಪಾದ ಹಿಂಬದಿ ಇದ್ದರೆ ಅಲ್ಲಿ ಅಂಟಿಸಬಹುದು.

ಅಂಚಿನ ಕೆಲಸ ಎರಡೂ ವಿಧಾನಕ್ಕೆ ಒಂದೇ. ಚೌಕಟ್ಟಿನ ರಬ್ಬರಿನಿಂದ, ಸಿಲಿಕೋನ್‌ನಿಂದ ಎರಡು ಮೂರು ಮಿಲಿಮೀಟರ್ ಬಿಟ್ಟು ಹಾಳೆ ಮುಗಿಯಬೇಕು. ಚೂಪು ಮೂಲೆಗಳನ್ನು ತುಸು ದುಂಡಗಾಗಿಸಬೇಕು. ಗುಳ್ಳೆ ಉಳಿದಿದ್ದರೆ ಸೂಜಿಯಿಂದ ಅದರ ಅಂಚಿನಲ್ಲಿ ಚುಚ್ಚಿ ಗಾಳಿಯನ್ನು ತೂತಿನ ಕಡೆಗೆ ಒತ್ತಬೇಕು, ಬ್ಲೇಡಿನಿಂದ ಸೀಳಬಾರದು. ಟೇಪ್ ತೆಗೆದ ಮೇಲೆ ಎಲ್ಲ ಅಂಚುಗಳ ಮೇಲೂ ಬಟ್ಟೆ ಸುತ್ತಿದ ಸ್ಕ್ವೀಜಿಯಿಂದ ಇನ್ನೊಮ್ಮೆ ಗಟ್ಟಿಯಾಗಿ ಒತ್ತಿ. ಅಂಟು ಪೂರ್ತಿ ಹಿಡಿಯಲು ಒಂದರಿಂದ ಮೂರು ದಿನ ಬೇಕು, ನೀರು ಹಾಕಿ ಅಂಟಿಸಿದ್ದರೆ ಇನ್ನೂ ಹೆಚ್ಚು; ಅಲ್ಲಿಯವರೆಗೆ ಗಾಜು ತೊಳೆಯುವವರು ಆ ಕಿಟಕಿಯನ್ನು ಬಿಟ್ಟುಬಿಡಲಿ. ನಂತರ ತೊಳೆಯುವಾಗಲೂ ಮೆತ್ತನೆಯ ಬಟ್ಟೆ, ಅಮೋನಿಯಾ ಇಲ್ಲದ ದ್ರವ, ಬಟ್ಟೆಯ ಚಲನೆ ಅಕ್ಷರದ ನಡುವಿನಿಂದ ಹೊರಕ್ಕೆ.