ಕೇಳಿ ಕಟ್ ಮಾಡುವ ವೈರ್ ಕಟ್ ಶಾಪ್

ವೈರ್ ಕಟ್ ಅಂದರೆ ಕರೆಂಟ್ ಹರಿಯುವ ತೆಳು ವೈರ್‌ನ ಸ್ಪಾರ್ಕ್‌ನಿಂದ ಲೋಹ ಕತ್ತರಿಸುವುದು. ಪೀಣ್ಯ 2ನೇ ಹಂತದ ಈ ಶಾಪ್‌ನಲ್ಲಿ ಹೋದ ತಿಂಗಳು, ಶೀಟ್‌ನಿಂದ ಪೀಸ್ ಕತ್ತರಿಸಿ ತೆಗೆಯುವ ಒಂದು ಬ್ಲಾಂಕಿಂಗ್ ಡೈ (ಕೆಳಗಿನ ಅಚ್ಚು), ಪಂಚ್ (ಅದರೊಳಗೆ ಇಳಿಯುವ ಭಾಗ) ಮಾಡಿಸಿದೆ. 1 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ಶೀಟ್‌ನಲ್ಲಿ ಬ್ರಾಕೆಟ್ ಹೊಡೆಯುವುದಕ್ಕೆ. ಇವರು ಮಷೀನ್ ಆನ್ ಮಾಡುವ ಮುಂಚೆ ಡ್ರಾಯಿಂಗ್ ಓದುತ್ತಾರೆ. ನನಗೆ ಅದೇ ದೊಡ್ಡ ವಿಷಯ.

ಫೈಲ್ ಕಳಿಸಿದ ಅರ್ಧ ಗಂಟೆಗೆ ಫೋನ್ ಬಂತು. "ಸರ್, ಇದರಲ್ಲಿರೋ ಸೈಜ್ ಪಂಚಿಂದಾ ಡೈದಾ? ಕ್ಲಿಯರೆನ್ಸ್ ಎಷ್ಟು ಬಿಡ್ಲಿ?" ಬ್ಲಾಂಕಿಂಗ್‌ನಲ್ಲಿ ಪೀಸ್‌ನ ಅಳತೆ ಡೈಯಿಂದ ಬರುತ್ತದೆ, ಪಂಚ್ ಅದಕ್ಕಿಂತ ಚಿಕ್ಕದಾಗಬೇಕು. ಆ ನಡುವಿನ ಸಂದೇ ಕ್ಲಿಯರೆನ್ಸ್, ನನ್ನ ಶೀಟ್‌ಗೆ ಒಂದು ಬದಿಗೆ 0.05 ಮಿ.ಮೀ. ಇದನ್ನು ಕೇಳದೆ ಸುಮ್ನೆ ಕಟ್ ಮಾಡಿ ಕೊಡುವವರೇ ಜಾಸ್ತಿ.

ಇದಕ್ಕೆ ಮುಂಚೆ ಬೇರೊಂದು ಕಡೆ ಕೊಟ್ಟಿದ್ದೆ. ವೈರ್ ತೂರಿಸುವ ಸ್ಟಾರ್ಟ್ ಹೋಲ್ ಇಲ್ಲ ಅಂತ ಅವರು ಪ್ಲೇಟಿನ ಅಂಚಿನಿಂದಲೇ ವೈರ್ ಒಳಗೆ ತಂದರು. ಹಾರ್ಡನಿಂಗ್ ಆದ (ಕಾಯಿಸಿ ಗಟ್ಟಿ ಮಾಡಿದ) ಡಿ2 ಟೂಲ್ ಸ್ಟೀಲ್ ಒಳಗೆ ಬಿಗಿತ ಇರುತ್ತದೆ ಅಲ್ವಾ, ಅಂಚು ಸೀಳಿದ್ದೇ ತಡ ಡೈ ಬಾಯಿ ಬಿಟ್ಟಿತು, ಸ್ಟೀಲೂ ಹೋಯಿತು, ಹಾರ್ಡನಿಂಗ್ ದುಡ್ಡೂ ಹೋಯಿತು. ಈ ಸಲವೂ ಒಂದು ಹೋಲ್ ಹಾಕುವುದು ಮರೆತು ಹಾರ್ಡನಿಂಗ್ ಮಾಡಿಸಿಬಿಟ್ಟಿದ್ದೆ. ಗಟ್ಟಿತನ 60 ಎಚ್‌ಆರ್‌ಸಿ (ರಾಕ್‌ವೆಲ್ ಅಳತೆ) ಆದ ಮೇಲೆ ಮಾಮೂಲಿ ಡ್ರಿಲ್ ಬಿಟ್ ಒಳಗೆ ಹೋಗುವುದಿಲ್ಲ. ಇವರು ಇಡಿಎಂ ಡ್ರಿಲ್‌ನಲ್ಲಿ ಹಿತ್ತಾಳೆ ಟ್ಯೂಬ್ ಹಾಕಿ, ಸ್ಪಾರ್ಕ್‌ನಲ್ಲೇ ತೂತು ಹೊಡೆದರು. ಎಷ್ಟೇ ಗಟ್ಟಿ ಇರಲಿ, ಕರೆಂಟ್ ಹರಿದರೆ ಸಾಕು.

ಇಲ್ಲಿ ಎರಡು ಥರದ ಮಷೀನ್ ಇವೆ. ಒಂದರಲ್ಲಿ 0.18 ಮಿ.ಮೀ. ಮಾಲಿಬ್ಡಿನಂ ವೈರ್, ಅದೇ ವೈರ್ ಹಿಂದೆ ಮುಂದೆ ಓಡುತ್ತಿರುತ್ತದೆ, ಗೋಡೆಯಲ್ಲಿ ಗೆರೆ ಕಾಣುತ್ತದೆ. ಇನ್ನೊಂದರಲ್ಲಿ 0.25 ಮಿ.ಮೀ. ಬ್ರಾಸ್ ವೈರ್, ಒಂದು ಸಲ ಹಾದು ಹೋದ ವೈರ್ ಗುಜರಿಗೆ, ಫಿನಿಶ್ ಚೆನ್ನಾಗಿ ಬರುತ್ತದೆ, ದುಡ್ಡೂ ಜಾಸ್ತಿ. ನಾನು ಎಲ್ಲವನ್ನೂ ಬ್ರಾಸ್‌ನಲ್ಲೇ ಮಾಡಿ ಅಂದೆ. "ಸ್ಟ್ರಿಪ್ಪರ್ ಪ್ಲೇಟ್‌ಗೆ ಯಾಕೆ ಸರ್, ಮಾಲಿ ಸಾಕು" ಅಂದರು. (ಪಂಚ್‌ಗೆ ಅಂಟಿಕೊಂಡ ಶೀಟ್ ಬಿಡಿಸುವ ಪ್ಲೇಟ್ ಅದು.) ಬರುವ ದುಡ್ಡು ಬೇಡ ಅನ್ನುವವರು ಎಷ್ಟು ಜನ ಸಿಗುತ್ತಾರೆ?

ರೇಟ್ ಚದರ ಮಿ.ಮೀ. ಲೆಕ್ಕ. 40 ಮಿ.ಮೀ. ದಪ್ಪ, 180 ಮಿ.ಮೀ. ಉದ್ದದ ಕಟ್ ಅಂದರೆ 7,200 ಚದರ ಮಿ.ಮೀ. ಫಿನಿಶ್‌ಗಾಗಿ ಮತ್ತೊಮ್ಮೆ ತೆಳುವಾಗಿ ಸವರುವ ಸ್ಕಿಮ್ ಕಟ್‌ಗೆ ಬೇರೆ ಚಾರ್ಜ್, ಅದನ್ನು ಮೊದಲೇ ಹೇಳಿದರು.

ಒಂದು ಸ್ಟಾರ್ ಕಮ್ಮಿ ಕೊಟ್ಟಿದ್ದೇನೆ. ಗುರುವಾರ ಅಂದಿದ್ದು ಶನಿವಾರ ಆಯಿತು, ಅದನ್ನು ಬಿಡಿ. ನೀರಿನಲ್ಲಿ ಕಟ್ ಆದ ಡೈಗೆ ಎಣ್ಣೆ ಹಚ್ಚದೆ ಪೇಪರ್ ಸುತ್ತಿ ಕೊಟ್ಟರು, ಸೋಮವಾರ ಬಿಚ್ಚಿದರೆ ತುಕ್ಕಿನ ಚುಕ್ಕೆ. ಇಷ್ಟು ಚೆನ್ನಾಗಿ ಕೆಲಸ ಮಾಡುವವರು ಇದನ್ನು ನೋಡಿಕೊಳ್ಳಬೇಕು. ನೀವು ಹೋಗುವಾಗ ಒಂದು ಬಾಟಲ್ ಎಣ್ಣೆ, ಸ್ವಲ್ಪ ಕಾಟನ್ ವೇಸ್ಟ್ ತೆಗೆದುಕೊಂಡು ಹೋಗಿ.