ಪಾಲಿಕೆ ಎದುರಿನ ಟೆಂಡರ್ ಅಂಗಡಿ: ಹಳೆಯ ಗಿರಾಕಿಯ ಅನಿಸಿಕೆ

ನಮ್ಮ ಮಹಾನಗರ ಪಾಲಿಕೆಯ ಗೇಟಿನ ಎದುರು ಒಂದು ಅಂಗಡಿಯಿದೆ: ಜೆರಾಕ್ಸ್ ಯಂತ್ರ, ಎರಡು ಕಂಪ್ಯೂಟರ್, ನಾಲ್ಕು ಪ್ಲಾಸ್ಟಿಕ್ ಸ್ಟೂಲು. ಬೋರ್ಡಿನಲ್ಲಿ ‘ಇ-ಟೆಂಡರ್ ಭರ್ತಿ, ಡಿಜಿಟಲ್ ಸಹಿ, ಪಾನ್ ಕಾರ್ಡ್’ ಎಂದಿದೆ. ನಾನು ಚರಂಡಿ, ಸ್ಲ್ಯಾಬು, ಫುಟ್‌ಪಾತಿನ ಸಣ್ಣ ಗುತ್ತಿಗೆದಾರ. ಮೂರು ವರ್ಷಗಳಿಂದ ನನ್ನ ಟೆಂಡರ್‌ಗಳೆಲ್ಲ ಇಲ್ಲಿಂದಲೇ ಹೋಗುತ್ತಿವೆ.

ಒಂದು ಭರ್ತಿಗೆ 500 ರೂಪಾಯಿ. ಪೇಟೆಯೊಳಗೆ 300ಕ್ಕೆ ಮಾಡಿಕೊಡುವವರೂ ಇದ್ದಾರೆ, ನಿಜ. ಆದರೆ ಅರ್ಹತೆಯ ಪತ್ರಗಳಷ್ಟೇ ಇರಬೇಕಾದ ತಾಂತ್ರಿಕ ಲಕೋಟೆಯಲ್ಲಿ ದರದ ಹಾಳೆ ಸೇರಿಸಿ ಟೆಂಡರ್ ಬಿದ್ದುಹೋದರೆ ಆ ಉಳಿದ 200 ಏನು ಮಾಡುವುದು? ಇಲ್ಲಿನ ಯಜಮಾನರು ಒಂದೊಂದು ಪುಟವನ್ನೂ ತೆರೆದು ತೋರಿಸಿ, ಇ.ಎಂ.ಡಿ. (ಟೆಂಡರ್ ಜೊತೆ ಕಟ್ಟುವ ಠೇವಣಿ) ಜಮೆಯಾಗಿದೆಯೇ ಎಂದು ನೋಡಿದ ಮೇಲೆಯೇ ಡಿಜಿಟಲ್ ಸಹಿಯ ಟೋಕನ್ (ಪೆನ್‌ಡ್ರೈವಿನಂಥದ್ದು) ಕೇಳುತ್ತಾರೆ.

ಅವರ ನಿಜವಾದ ಬಂಡವಾಳ ಮೇಜಿನ ಕೆಳಗಿನ ಹರಿದ ಫೈಲು. ನನ್ನಂಥ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಕಾಮಗಾರಿಗಳಲ್ಲಿ ಮೀಸಲಾತಿ ಬಂದು ವರ್ಷಗಳಾಗಿದ್ದರೂ ನಮ್ಮ ವಾರ್ಡಿನ ಟೆಂಡರ್ ಪಟ್ಟಿಯಲ್ಲಿ ಅದರ ಸುಳಿವೇ ಇರಲಿಲ್ಲ. ಪಾಲಿಕೆಯಲ್ಲಿ ವಿಚಾರಿಸಿದಾಗ ಅಲ್ಲಿನ ಒಬ್ಬರು, ‘ಪಾಲಿಕೆ ಸ್ವಾಯತ್ತ ಸಂಸ್ಥೆ, ಕೌನ್ಸಿಲ್ ಇನ್ನೂ ನಿರ್ಣಯ ಮಾಡಿಲ್ಲ’ ಎಂದು ಕೈತೊಳೆದುಕೊಂಡರು. ನಾನು ನಂಬಿ ಬಂದು ಸ್ಟೂಲಿನ ಮೇಲೆ ಕುಳಿತೆ.

ಯಜಮಾನರು ನಕ್ಕರು. ‘ನೋಡಪ್ಪಾ, ಯಾವ ಬೀದಿಗೆ ಚರಂಡಿ ಬೇಕು ಎನ್ನುವುದನ್ನು ಕೌನ್ಸಿಲ್ ಹೇಳಲಿ. ಅದನ್ನು ಯಾರಿಗೆ ಹೇಗೆ ಕೊಡಬೇಕು ಎನ್ನುವುದು ವಿಧಾನಸೌಧದ ಕಾಯ್ದೆ.’ ಫೈಲಿನಿಂದ ಕೆಟಿಪಿಪಿ ಕಾಯ್ದೆ, 1999 (ಸರ್ಕಾರಿ ಖರೀದಿ, ಕಾಮಗಾರಿಗಳ ಟೆಂಡರ್‌ಗಳಲ್ಲಿ ಪಾರದರ್ಶಕತೆಗಾಗಿ ಇರುವ ರಾಜ್ಯದ ಕಾಯ್ದೆ) ಹೊರಬಂತು. ‘ಸಂಗ್ರಹಣಾ ಸಂಸ್ಥೆ’ (ಟೆಂಡರ್ ಕರೆಯುವ ಸಂಸ್ಥೆ) ಎಂದರೆ ಯಾರು ಎಂಬ ವ್ಯಾಖ್ಯೆಯಲ್ಲಿ ಸರ್ಕಾರಿ ಇಲಾಖೆಗಳ ಜೊತೆಗೇ ‘ಸ್ಥಳೀಯ ಪ್ರಾಧಿಕಾರ’ವೂ, ಅಂದರೆ ನಮ್ಮ ಪಾಲಿಕೆಯಂಥದ್ದೂ ಇದೆ, ಅದಕ್ಕೆ ಕೆಂಪು ಗೆರೆ ಎಳೆದಿಟ್ಟಿದ್ದರು. ಅದೇ ಕಾಯ್ದೆಗೆ ಬಂದ ತಿದ್ದುಪಡಿಯಲ್ಲಿ 50 ಲಕ್ಷದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 17.15, ಪರಿಶಿಷ್ಟ ಪಂಗಡಕ್ಕೆ ಶೇ 6.95 ಮೀಸಲು, 2023ರಲ್ಲಿ ಆ ಮಿತಿ 1 ಕೋಟಿಗೆ ಏರಿತು. ಟೆಂಡರ್ ಇಲ್ಲದೆ ಕೆಲಸ ಕೊಡಲು 4ಜಿ ವಿನಾಯಿತಿ (ಅದೇ ಕಾಯ್ದೆಯ ಕಲಂ 4(ಜಿ)ಯದು) ಬೇಕಾದರೂ ಸರ್ಕಾರವೇ ಅಧಿಸೂಚನೆ ಹೊರಡಿಸಬೇಕು. (4ಜಿ ಎಂದರೆ ಮೊಬೈಲಿನದು ಎಂದುಕೊಂಡಿದ್ದ ನನ್ನ ಮಗ ಇವತ್ತಿಗೂ ನಗುತ್ತಾನೆ.)

ಮನವಿಯನ್ನು ಅವರೇ ಟೈಪ್ ಮಾಡಿಕೊಟ್ಟರು, 40 ರೂಪಾಯಿ. ಆಯುಕ್ತರ ಟಪಾಲು ವಿಭಾಗದ ಮೊಹರು ಬೀಳದೆ ವಾಪಸ್ ಬರಬೇಡ ಎಂದೂ ಹೇಳಿದರು. ಎರಡು ತಿಂಗಳ ನಂತರದ ಪಟ್ಟಿಯಲ್ಲಿ ‘ಮೀಸಲು’ ಎಂಬ ಕಲಂ ಕಾಣಿಸಿತು. ಆ ಸಲ ನನ್ನ ದರ ಮೇಲಾಯಿತು, ಬೇರೊಬ್ಬರಿಗೆ ಹೋಯಿತು. ಅದರ ಮುಂದಿನ ಸಲ 120 ಮೀಟರ್ ಚರಂಡಿ ಸಿಕ್ಕಿತು.

ಕೊರತೆ ಇಲ್ಲವೆಂದಲ್ಲ. ಸ್ಕ್ಯಾನರ್ ಹಳೆಯದು. ಕಳೆದ ವರ್ಷ ನನ್ನ ಸಾಲ್ವೆನ್ಸಿ (ಆರ್ಥಿಕ ಸಾಮರ್ಥ್ಯದ) ಪ್ರಮಾಣಪತ್ರ ಮಸುಕಾಗಿ ಹೋಗಿ ಒಂದು ಟೆಂಡರ್ ತಾಂತ್ರಿಕ ಹಂತದಲ್ಲೇ ಬಿತ್ತು. ಯಜಮಾನರು ಹಣ ಹಿಂತಿರುಗಿಸಿದರು, ಆದರೆ ಯಂತ್ರ ಬದಲಿಸಲಿಲ್ಲ. ಕರೆಂಟ್ ಹೋದರೆ ಯುಪಿಎಸ್ ಹತ್ತು ನಿಮಿಷವೂ ನಿಲ್ಲದು. ಮಾತಂತೂ ಬಹಳ, ಅವಸರದವರಿಗೆ ಸಿಟ್ಟು ಬರಬಹುದು.

ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಅಂದು ಮಧ್ಯಾಹ್ನ ಸ್ಟೂಲು ಸಿಗುವುದಿಲ್ಲ, ಯಜಮಾನರು ಊಟಕ್ಕೂ ಏಳುವುದಿಲ್ಲ. ಪತ್ರಗಳನ್ನು ಮನೆಯ ಹತ್ತಿರವೇ ಚೆನ್ನಾಗಿ ಸ್ಕ್ಯಾನ್ ಮಾಡಿಸಿ ಪೆನ್‌ಡ್ರೈವಿನಲ್ಲಿ ಒಯ್ಯಿರಿ.