‘ನೀರು ಸಿದ್ಧವಾಗಿದೆ’ ಎಂದರೆ ನಂಬಿ ಮೀನು ಬಿಡಬೇಡಿ

ಉಪ್ಪುನೀರಿನ ಅಕ್ವೇರಿಯಂ ಹೊಸದಾಗಿ ಮಾಡಿಸುವವರು ದಯವಿಟ್ಟು ಇದನ್ನು ಓದಿ. ಬರೆಯಲು ಸಂಕೋಚವಾಗುತ್ತದೆ, ಆದರೆ ಇನ್ನೊಬ್ಬರ ಮೀನು ಹೀಗೆ ಸಾಯಬಾರದು.

ನನಗೆ ಟ್ಯಾಂಕ್ ಹೊಂದಿಸಿಕೊಟ್ಟ ಮಾರಾಟಗಾರರು ನೀರಿಗೆ ಬಾಟಲಿಯ ಬ್ಯಾಕ್ಟೀರಿಯಾ ಸುರಿದು, ಉಪ್ಪಿನಂಶ ಸೂಚಿಸುವ ಸಾಪೇಕ್ಷ ಸಾಂದ್ರತೆ 1.025, ಪಿಎಚ್ 8.2 ಎಂದು ಅಳೆದು ತೋರಿಸಿ, ‘ನೀರು ಸಿದ್ಧವಾಗಿದೆ, ಇವತ್ತೇ ಮೀನು ಬಿಡಿ’ ಎಂದು ಭರವಸೆ ಕೊಟ್ಟು, ಕ್ಲೌನ್‌ಫಿಶ್ ಜೋಡಿಯನ್ನೂ ತಾವೇ ಮಾರಿದರು. ಆ ಎರಡು ಅಂಕಿಗಳೂ ನಿಜ. ನನ್ನ ಹೊಟ್ಟೆ ಉರಿಯುವುದೇ ಅದಕ್ಕೆ. ನಿಜವಾದ ಅಂಕಿಗಳನ್ನು ಮುಂದಿಟ್ಟು, ಅಳೆಯಲೇಬೇಕಾದ ಅಮೋನಿಯಾವನ್ನು, ಅಂದರೆ ಮೀನಿನ ತ್ಯಾಜ್ಯ ಮತ್ತು ಉಳಿದ ಆಹಾರದಿಂದ ನೀರಿಗೆ ಸೇರುವ ವಿಷವನ್ನು, ಅವರು ಅಳೆಯಲೇ ಇಲ್ಲ.

ಮೀನುಗಳು ಮೇಲಕ್ಕೆ ಬಂದು ಕಿವಿರು ಬಡಿಯುತ್ತ ಏದುಸಿರು ಬಿಡತೊಡಗಿದಾಗ ಕಿಟ್ ತರಿಸಿ ನಾನೇ ಪರೀಕ್ಷಿಸಿದೆ. ಅಮೋನಿಯಾ ಇಲ್ಲದಿದ್ದರೆ ಹಳದಿಯಾಗಿಯೇ ಉಳಿಯಬೇಕಾದ ನಳಿಗೆಯ ನೀರು ನೋಡನೋಡುತ್ತಲೇ ಕಡುಹಸಿರಾಯಿತು. ನನ್ನನ್ನು ಎಷ್ಟು ಸುಲಭವಾಗಿ ಏಮಾರಿಸಿದ್ದರು ಎಂಬುದು ಆಗ ತಿಳಿಯಿತು. ಫೋನ್ ಮಾಡಿದರೆ, ‘ನೀರು ತಿಳಿಯಾಗಿದೆಯಲ್ಲ ಸರ್, ಮತ್ತೇನು?’ ಎಂದರು. ನಳಿಗೆಯ ಚಿತ್ರ ಕಳಿಸಿದೆ. ‘ನಿಮ್ಮ ಕಿಟ್ ಹಳೆಯದಿರಬೇಕು’ ಎಂದರು. ಮೀನುಗಳು ಸತ್ತವು ಎಂದಾಗ, ‘ಮೊದಲಿಗೆ ಒಂದೆರಡು ಹೋಗುವುದು ಸಹಜ’ ಎಂದರು. ಸಹಜವಂತೆ! ಹೋಗುತ್ತವೆ ಎಂದು ಗೊತ್ತಿದ್ದೂ ಮಾರಿದರೇ?

ಅಮೋನಿಯಾ ತಿಳಿನೀರಿನಲ್ಲಿಯೂ ಕಾಣುವುದಿಲ್ಲ. ಅದನ್ನು ಇನ್ನೂ ವಿಷವೇ ಆಗಿರುವ ನೈಟ್ರೈಟ್ ಆಗಿಯೂ, ಆ ನೈಟ್ರೈಟನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾ ಕಲ್ಲು, ಮರಳು, ಫಿಲ್ಟರ್‌ಗಳ ಮೇಲೆ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಬಾಟಲಿಯ ಬ್ಯಾಕ್ಟೀರಿಯಾ ಆ ಅವಧಿಯನ್ನು ತಗ್ಗಿಸಬಹುದು, ಆದರೆ ತಗ್ಗಿಸಿದೆಯೇ ಎಂಬುದನ್ನು ಪರೀಕ್ಷೆಯೇ ಹೇಳಬೇಕು, ಮಾರುವವರ ಬಾಯಲ್ಲ. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷಕಾರಿ ರೂಪದ ಪಾಲು ಹೆಚ್ಚುವುದರಿಂದ, ಅವರು ಹೆಮ್ಮೆಯಿಂದ ತೋರಿಸಿದ ಅದೇ 8.2ರಲ್ಲಿ, ಪಿಎಚ್ 7ರ ಸಿಹಿನೀರಿನಲ್ಲಿ ಮೀನು ತಾಳಿಕೊಳ್ಳಬಹುದಾದ ಅಮೋನಿಯಾವೂ ಪ್ರಾಣ ತೆಗೆಯಬಲ್ಲದು. ಇದನ್ನು ಅವರು ಒಮ್ಮೆಯೂ ಹೇಳಲಿಲ್ಲ.

ಮೀನಿಲ್ಲದ ಟ್ಯಾಂಕಿಗೆ ಅಳತೆಯಿಟ್ಟು ಅಮೋನಿಯಾ ಹಾಕಿ, 24 ಗಂಟೆಯೊಳಗೆ ಅದೂ ನೈಟ್ರೈಟೂ ಸೊನ್ನೆಗೆ ಇಳಿಯುವುದನ್ನು ಸ್ವಂತ ಕಿಟ್‌ನಲ್ಲಿ ಕಂಡ ಮೇಲೆಯೇ ಮೀನು ತನ್ನಿ. ನಿಮ್ಮ ಕಣ್ಣೆದುರು ಅಮೋನಿಯಾ ಅಳೆದು ತೋರಿಸಲು ಒಪ್ಪದವರಿಂದ ಏನನ್ನೂ ಕೊಳ್ಳಬೇಡಿ. ‘ಜೀವಂತ ಸರಕಿಗೆ ಗ್ಯಾರಂಟಿ ಇಲ್ಲ’ ಎಂಬುದು ನನಗೆ ಬಂದ ಕೊನೆಯ ಉತ್ತರ; ಆಮೇಲೆ ನನ್ನ ಕರೆಗಳನ್ನು ಅವರು ಎತ್ತುತ್ತಲೇ ಇಲ್ಲ.